ಯಾವ ಗುರುತು ಒತ್ತಿದರೂ ರಾಜಣ್ಣನ ಹೆಸರೇ

ಮೊನ್ನೆ ಬೆಳಿಗ್ಗೆ ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಸಿದ್ದಮ್ಮನ ಫೋನು ಬಂತು.

ಮಳವಳ್ಳಿ ಕಡೆಯ ಒಂದು ಹಳ್ಳಿಯಾಕೆ. ಮೇಲ್ಜಾತಿಯವರು ಸ್ಮಶಾನದ ದಾರಿಗೆ ಬೇಲಿ ಹಾಕಿದಾಗ, ಹೆಣ ಹೊತ್ತವರಿಗಿಂತ ಮುಂದೆ ನಡೆದು ಮೊದಲ ಗೂಟ ಕಿತ್ತವಳು. ಆ ಹೋರಾಟದ ಬಗ್ಗೆ ನಮ್ಮ ಸಂಘಟನೆಯ ವೆಬ್‌ಸೈಟಿನಲ್ಲಿ ನಾನು ಬರೆದಿದ್ದೆ. ಮೊಮ್ಮಗಳು ಓದಿ ಹೇಳಿದ್ದಳಂತೆ.

"ನಾ ಏಳಿದ್ ಮಾತ್ಗೆ ಆ ರಾಜಣ್ಣನ್ ಎಸ್ರು ಬತ್ತದಲ್ಲಪ್ಪ. ಅವತ್ತು ಅವ್ನು ಬಾಗ್ಲಾಕ್ಕಂಡು ಮನೇಲಿದ್ದ ಕಣಪ್ಪ."

ಸಾಧ್ಯವೇ ಇಲ್ಲ ಅಂದೆ. ಫೋನಿನಲ್ಲೇ ಪೇಜ್ ತೆರೆದೆ.

ಏಳು ಜನರ ಮಾತು ಬರೆದಿದ್ದೇನೆ, ಅದೇ ಊರಿನ ರಾಜಣ್ಣನದೂ ಸೇರಿ. ಪ್ರತಿ ಮಾತಿನ ಪಕ್ಕ ಒಂದು ಪುಟ್ಟ ನಕ್ಷತ್ರ. ಒತ್ತಿದರೆ ಪೇಜ್ ಕೆಳಗೆ ಜಾರಿ, ಅದನ್ನು ಹೇಳಿದವರ ಹೆಸರು, ಊರು, ಕೆಲಸ ತೋರಿಸಬೇಕು.

"ನಮ್ಮ ಹೆಣಕ್ಕೂ ನಿಮ್ಮ ಪರ್ಮಿಷನ್ ಬೇಕಾ?" ಸಿದ್ದಮ್ಮನ ಮಾತು. ಪಕ್ಕದ ನಕ್ಷತ್ರ ಒತ್ತಿದೆ. ರಾಜಣ್ಣ.

ಉಳಿದ ಆರನ್ನೂ ಒತ್ತಿದೆ. ರಾಜಣ್ಣ, ರಾಜಣ್ಣ...

ತಲೆ ಕೆಟ್ಟಿತು. ಮದ್ದೂರಿನಲ್ಲಿ ವೆಬ್‌ಸೈಟ್ ಕೆಲಸ ಮಾಡುವ ಸವಿತಾಗೆ ಕರೆ ಮಾಡಿದೆ. ನೋಡಿ ನಕ್ಕಳು.

"ಏಳ್ ಮನೆಗೂ ಒಂದೇ ಅಡ್ರೆಸ್ ಕೊಟ್ಟಿದ್ದೀರಲ್ಲಣ್ಣ. ಅದು ಮೊದ್ಲು ಸಿಕ್ಕಿದ್ ಮನೇಲೆ ಕೂತ್ಕೋತದೆ."

ಗೊತ್ತಿಲ್ಲದೆ ಮಾಡಿದ್ದಲ್ಲ, ಬೇಕಂತಲೇ ಮಾಡಿದ್ದೆ. ನಮ್ಮ ಕರಪತ್ರಗಳಲ್ಲಿ ಹೆಸರಿಗೆ ನಂಬರ್ ಹಾಕುವುದಿಲ್ಲ. ಒಂದನೆಯವನು ದೊಡ್ಡವನಾಗುತ್ತಾನೆ, ಏಳನೆಯವಳು ಕಸವಾಗುತ್ತಾಳೆ. ಆ ಏಣಿಯ ವಿರುದ್ಧವೇ ಅಲ್ಲವೇ ನಾವು ಬೀದಿಗೆ ಬಂದದ್ದು? ಎಲ್ಲರಿಗೂ ಒಂದೇ ನಕ್ಷತ್ರ.

ಹಾಗಾಗಿ ಕೋಡ್‌ನಲ್ಲೂ ಏಳು ಜನರಿಗೂ 'ಸಂಗಾತಿ' ಎಂಬ ಒಂದೇ ಐಡಿ, ಅಂದರೆ ಯಂತ್ರ ಹುಡುಕಿಕೊಂಡು ಹೋಗುವ ವಿಳಾಸ, ಕೊಟ್ಟಿದ್ದೆ. ಬೇಲಿ ಹಾಕಿದ ಸುದ್ದಿ ಹೇಳಿದ ರಾಜಣ್ಣ ಬರಹದಲ್ಲಿ ಮೊದಲು ಬರುತ್ತಾನೆ. ಸಮಾನತೆ ಅಂತ ನಾನು ಬರೆದದ್ದನ್ನೆಲ್ಲ ಆ ಯಂತ್ರ ಅವನಿಗೇ ಒಪ್ಪಿಸಿತ್ತು.

ನಂಬರ್ ಬರೀ ವಿಳಾಸ, ಅಂತಸ್ತಲ್ಲ ಅಂದಳು ಸವಿತಾ. ಇರಬಹುದು. ನನಗೆ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಆದರೂ ಐಡಿಗಳಿಗೆ ಒಂದರಿಂದ ಏಳರವರೆಗೆ ನಂಬರ್ ಹಾಕಿದೆ. ಈಗ ಸಿದ್ದಮ್ಮನ ಮಾತಿನ ನಕ್ಷತ್ರ ಒತ್ತಿದರೆ ಸಿದ್ದಮ್ಮನೇ ಬರುತ್ತಾಳೆ. ಅವಳ ಹೆಸರಿನ ಪಕ್ಕದ ಬಾಣದ ಗುರುತು ಒತ್ತಿದರೆ ಓದುತ್ತಿದ್ದ ಸಾಲಿಗೇ ವಾಪಸ್.

ಖುಷಿಯಿಂದ ಆಕೆಗೆ ಫೋನು ಮಾಡಿ ವಿವರಿಸಿದೆ.

"ಒತ್ದೋರ್ಗೆ ಸರಿ. ಒತ್ದೆ ಓದ್ಕಂಡು ಓಯ್ತಾರಲ್ಲ, ಅವ್ರಿಗೆ ಆ ಮಾತು ಯಾರ್ದಪ್ಪ?"

ಅವಳ ಹೆಸರನ್ನು ಮೇಲಿನ ಸಾಲಿಗೇ ತಂದರೆ ಉಳಿದ ಆರು ಜನ ಯಾಕೆ ಕೆಳಗೆ? ಎಲ್ಲರನ್ನೂ ತಂದರೆ ಅಡಿಟಿಪ್ಪಣಿ ಯಾತಕ್ಕೆ? ಎರಡು ದಿನದಿಂದ ಪೇಜ್ ತೆರೆಯುತ್ತೇನೆ, ಮುಚ್ಚುತ್ತೇನೆ...

ನಿಜ ಹೇಳಿ, ಓದುವಾಗ ಆ ಪುಟ್ಟ ಗುರುತನ್ನು ನೀವು ಯಾವತ್ತಾದರೂ ಒತ್ತಿದ್ದೀರಾ?