ಖಾಲಿ ಉಳಿದ ಮೂರನೆಯ ಸಹಿ

ಮೊನ್ನೆ ಮಗಳು ಏಲಕ್ಕಿ ಬನ್ನು ಮಾಡಿದಳು. ಓವನ್ ಬಾಗಿಲು ತೆಗೆದಾಗ ಬಂದ ಘಮಕ್ಕೆ ಅಮ್ಮನ ಪಾಯಸ ನೆನಪಾಗಬೇಕಿತ್ತು. ನೆನಪಾದದ್ದು ಸ್ವೀಡನ್ನಿನ ಲುಲೆಯೊ ಊರಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ, ಅಲ್ಲಿಯವರೇ ಆದ ಮೇಷ್ಟ್ರು.

ಎರಡು ಸಾವಿರದ ದಶಕದ ನಡುಭಾಗ, ನಾವಿನ್ನೂ ಆ ಊರಿಗೆ ಹೊಸಬರು. ಎಂಬತ್ತು ದಾಟಿದ ಮೇಷ್ಟ್ರು ಭಾನುವಾರ ಫೀಕಾಗೆ, ಅಂದರೆ ಅಲ್ಲಿಯವರ ಕಾಫಿ ಕೂಟಕ್ಕೆ, ಕರೆಯುತ್ತಿದ್ದರು. ಕಾಫಿ, ಏಲಕ್ಕಿ ಬನ್ನು, ಜೊತೆಗೊಂದು ಚರ್ಚೆ: ದೊಡ್ಡ ದೇಶವೊಂದು ತಾನು ನುಂಗಿದ ನಾಡುಗಳ ಜೊತೆ ಜಗಳವಿಲ್ಲದೆ ಬಾಳುವುದು ಹೇಗೆ? ಬ್ರಿಟಿಷರು ಆಳಿದ ದೇಶದವನೆಂದು ನಾನಿದ್ದೆ. ಇನ್ನೊಬ್ಬಾಕೆ ಅವರ ಹಳೆಯ ವಿದ್ಯಾರ್ಥಿನಿ, ಸಾಮಿ ಹೆಂಗಸು. ಹಿಮಸಾರಂಗ ಸಾಕುವ ಆ ಜನ ಸ್ವೀಡನ್ ಎಂಬ ದೇಶ ಹುಟ್ಟುವ ಮೊದಲೇ ಅಲ್ಲಿದ್ದವರು.

"ಭಾನುವಾರನೂ ಮೀಟಿಂಗಾ? ನಿಮ್ಮಿಂದ ಯಾವ ಸಾಮ್ರಾಜ್ಯ ಉದ್ಧಾರ ಆಗ್ಬೇಕ್ರೀ?" ಎಂದು ಹೆಂಡತಿ ರೇಗಿಸುತ್ತಿದ್ದಳು.

ಅಲ್ಲಿನ ಪದ್ಧತಿಯಂತೆ ಚರ್ಚೆಯ ತೀರ್ಮಾನ ಬರೆದಿಟ್ಟು, ಮೂವರೂ ಒಪ್ಪಿ ಸಹಿ ಹಾಕಬೇಕಿತ್ತು. ಒಂದಿಡೀ ಚಳಿಗಾಲ ಕೂತು ಮೇಷ್ಟ್ರು ಒಂದು ಪುಟ ಬರೆದರು. ನೆಲ ಮುಟ್ಟುವ ಮುನ್ನ ಅಲ್ಲಿಯವರನ್ನು ಕೇಳಬೇಕು, ಮಕ್ಕಳು ತಮ್ಮ ಭಾಷೆಯಲ್ಲೇ ಕಲಿಯಬೇಕು... ಚೆನ್ನಾಗಿಯೇ ಇತ್ತು. ಮೇಷ್ಟ್ರ ಸಹಿಯ ಕೆಳಗೆ ನಾನೂ ತಕ್ಷಣ ಹಾಕಿದೆ. ಆಕೆ ಹಾಕಲಿಲ್ಲ. ವಾರವಾರವೂ ಬಂದು, ಕಾಫಿ ಕುಡಿದು, ಹಾಳೆ ಮುಟ್ಟದೆ ಎದ್ದು ಹೋಗುತ್ತಿದ್ದಳು.

ಕಾರಣವನ್ನು ಒಮ್ಮೆ ಮೇಷ್ಟ್ರೇ ನನಗೆ ಹೇಳಿದರು. ಶಾಲೆಯಲ್ಲಿ ತಾಯ್ನುಡಿ ಆಡಿದಳೆಂದು ಆಕೆಯನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಿದ್ದವರು ಅವರೇ ಅಂತೆ. ಆ ಸಹಿ ಸಿಕ್ಕರೆ ನೆಮ್ಮದಿಯಿಂದ ಕಣ್ಣು ಮುಚ್ಚುತ್ತೇನೆ ಎಂದರು.

ನನ್ನ ಬುದ್ಧಿಗಿಷ್ಟು! ಅವರು ಆಸ್ಪತ್ರೆ ಸೇರಿದಾಗ ಹಾಳೆ ಹಿಡಿದು ಆಕೆಯ ಮನೆಗೇ ಹೋದೆ. "ವಯಸ್ಸಾದವರು, ಇನ್ನೆಷ್ಟು ದಿನ... ಒಂದು ಸೈನ್ ಹಾಕಿಬಿಡಿ," ಎಂದೆ, ನಮ್ಮ ಕಡೆ ಹೇಳುವ ಹಾಗೆ.

"ಗೋಡೆಗೆ ನಿಂತದ್ದು ನಾನು, ನೆಮ್ಮದಿ ಅವರಿಗಾ?" ಎಂದಳು ಆಕೆ. "ಈ ಪುಟದಲ್ಲಿ ಎಲ್ಲಾ ಇದೆ. ನನ್ನ ಮುಖ ನೋಡಿ ಒಂದೇ ಒಂದು ಸಲ, ತಪ್ಪಾಯ್ತು ಅಂದಿದ್ದಾರಾ? ಹೋಗಿ ಕೇಳಿ."

ನಾನು ಕೇಳಲಿಲ್ಲ. ಸಾಯುವ ಕಾಲಕ್ಕೆ ಹಿರಿಯರ ಮನಸ್ಸು ಯಾಕೆ ನೋಯಿಸಲಿ ಎಂದು, "ಆಕೆ ಊರಲ್ಲಿಲ್ಲ ಮೇಷ್ಟ್ರೇ," ಎಂದು ಸುಳ್ಳು ಹೇಳಿದೆ. ಅವರು ಬಾಗಿಲ ಕಡೆಯೇ ನೋಡುತ್ತಿದ್ದರು. ನಾಲ್ಕನೆಯ ದಿನ ಹೋಗಿಬಿಟ್ಟರು. ಅಂತ್ಯಕ್ರಿಯೆಗೆ ಆಕೆ ಬರಲಿಲ್ಲ.

ಹಾಳೆ ಈಗಲೂ ನನ್ನ ಹತ್ತಿರವೇ ಇದೆ. ಎರಡು ಸಹಿ, ಕೆಳಗೊಂದು ಖಾಲಿ ಗೆರೆ. ಕೇಳಿದ್ದರೆ ಮೇಷ್ಟ್ರು ತಪ್ಪಾಯ್ತು ಎಂಬ ಆ ಮಾತು ಹೇಳುತ್ತಿದ್ದರೋ ಏನೋ... ನಾನು ಅವರನ್ನು ಕೇಳಲೇ ಇಲ್ಲವಲ್ಲ.