ಎಣ್ಣಿ ಆಯಿ ಬಿಡಿಸಿದ ಜಡೆ

ತಲೆಯಿಂದ ಇಳಿದ ಎಣ್ಣೆಗೆ ಅವಳ ಹಣೆಯ ವಿಭೂತಿ ಸದಾ ಒದ್ದೆ. ಮಧ್ಯಾಹ್ನದ ಹೊತ್ತಿಗೆ ಮೂರು ಗೆರೆಗಳೂ ಒಂದಾಗಿ ಹುಬ್ಬಿನವರೆಗೆ ಬಂದು ನಿಲ್ಲುತ್ತಿದ್ದವು. ದೊಡವಾಡದಲ್ಲಿ ನಮ್ಮ ಹಿತ್ತಲಿಗೆ ಹತ್ತಿಕೊಂಡ ಮನೆ ಅವಳದು. ಗರಗದ ಸೊಪ್ಪು ಅರೆದು, ಬಿಲ್ಲೆ ತಟ್ಟಿ ಒಣಗಿಸಿ, ತಲೆಗೆ ಹಚ್ಚುವ ಎಣ್ಣೆಯಲ್ಲಿ ಕುದಿಸುತ್ತಿದ್ದಳು. ಊರಿಗೆಲ್ಲ ಎಣ್ಣಿ ಆಯಿ.

ತೊಂಬತ್ತರ ದಶಕ. ನಮಗೆ ಶಾಂಪೂ ಚೀಟಿಯ ಹುಚ್ಚು. "ನೊರಿ ಬಂದ್ರ ಸ್ವಚ್ಛ ಆತಂತ ತಿಳ್ಕೊಂಡೀರಿ. ಎಮ್ಮಿ ಹಿಂಡುವಾಗೂ ನೊರಿ ಬರ್ತೈತಿ, ಅದರಾಗ ತಲಿ ತೊಳ್ಕೋರಿ," ಎನ್ನುತ್ತಿದ್ದಳು.

ಆಗ ನನಗೆ ಜ್ವರ ಬಂತು. ವಾರಗಟ್ಟಲೆ ಯಾರೂ ತಲೆ ಬಾಚಲಿಲ್ಲ. ಎದ್ದಾಗ ಹಿಂದಲೆಯಲ್ಲಿ ಕೂದಲು ಹಗ್ಗದಂತೆ ಗಂಟಾಗಿತ್ತು. ಅಜ್ಜಿ ಮುಟ್ಟಿ ನೋಡಿ ಕೈಮುಗಿದಳು. ಸವದತ್ತಿಯ ಎಲ್ಲಮ್ಮ ಜಡೆ ಕೊಟ್ಟಿದ್ದಾಳೆ, ಹುಡುಗಿಯನ್ನು ಆಕೆಗೇ ಬಿಡಬೇಕು ಎಂದಳು. ಬಿಡುವುದೆಂದರೆ ಮುತ್ತು ಕಟ್ಟಿಸಿ ದೇವದಾಸಿ ಮಾಡುವುದು. ಮುಂದೆ ಸಾಲೆಯಿಲ್ಲ, ಮದುವೆಯಿಲ್ಲ. ಅವ್ವ ಅಳುತ್ತ ಹಿತ್ತಲು ದಾಟಿ ಆಯಿಯನ್ನು ಕರೆತಂದಳು.

ಇಲ್ಲಿಂದ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ದಿನಗಟ್ಟಲೆ ಹಿಡಿಯಿತು ಎಂದು ಅವ್ವ ಹೇಳುತ್ತಾಳೆ. ನನಗೆ ನೆನಪಿರುವುದು ಒಂದೇ ಮುಗಿಯದ ಮಧ್ಯಾಹ್ನ. ಬೆಚ್ಚಗಿನ ಎಣ್ಣೆ, ಕಣ್ಣಿಗಿಳಿದ ಸೀಗೆಕಾಯಿಯ ಉರಿ, ಚೀಲ ಹೊಲಿಯುವ ದಬ್ಬಣದ ಮೊಂಡ ತುದಿಯಿಂದ ಒಂದೊಂದೇ ಎಳೆ ಬಿಡಿಸುವ ಎಳೆತ. ಬಾಗಿಲಲ್ಲಿ ಅಜ್ಜಿ.

"ದೇವಿ ಕೊಟ್ಟದ್ದನ್ನ ಬಿಚ್ಚಾಕ ಹತ್ತೀ. ಆಕಿ ಸಿಟ್ಟಾದ್ರ ಯಾರ ಮ್ಯಾಲ ಹಾಕ್ತಿ?"

"ನನ್ನ ಮ್ಯಾಲ ಹಾಕ್ರಿ," ಎಂದಳು ಆಯಿ. "ಮೊದಲ ಸರದ ನಿಂದರ್ರಿ, ಬೆಳಕಿಗೆ ಅಡ್ಡ ಆಗೀರಿ."

ಗಂಟು ಬಿಟ್ಟಿತು. ನಾನು ಸಾಲೆಗೆ ಹೋದೆ.

ಎರಡು ಸಾವಿರದ ಇಸವಿಯ ನಂತರ ಕಾಲ ತಿರುಗಿತು. ಬೈಲಹೊಂಗಲದ ಬ್ಯೂಟಿ ಪಾರ್ಲರ್‌ಗಳ ಬೋರ್ಡಿನ ಮೇಲೆ ಗಿಡಮೂಲಿಕೆ ಎಂಬ ಮಾತು ಹತ್ತಿತು. ರಾಮದುರ್ಗದಿಂದಲೂ ಹೆಣ್ಣುಮಕ್ಕಳು ಬಸ್ಸಿಳಿದು ಆಯಿಯ ಎಣ್ಣೆ ಕೇಳತೊಡಗಿದರು. ಬಂದವರಿಗೆಲ್ಲ ನಾನು ನನ್ನ ಜಡೆಯ ಕಥೆ ಹೇಳುತ್ತಿದ್ದೆ. ನನ್ನ ಕಥೆಯ ಆಯಿ ದೇವಿಯನ್ನು ನಂಬದ ಗಟ್ಟಿಗಿತ್ತಿ. ಹೇಳುತ್ತ ಹೇಳುತ್ತ ಅವಳು ಇನ್ನೂ ಗಟ್ಟಿಯಾಗುತ್ತ ಹೋದಳು.

ಒಂದು ಬೆಳಿಗ್ಗೆ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಯಿತು. ಜಡೆ ಬಿಚ್ಚಿದ ಕೈಯನ್ನೇ ದೇವಿ ಹಿಡಿದಳು ಎಂದು ಓಣಿ ಪಿಸುಗುಟ್ಟಿತು. ನಾನು ಸಿಟ್ಟಿನಿಂದ ಓಡಿಹೋಗಿ ಅವಳ ಪಕ್ಕ ಕೂತೆ. ಮಂದಿಯ ಮಾತು ಬಿಡು, ನೀನು ಯಾವತ್ತೂ ಅಂಜಿದವಳಲ್ಲ ಎಂದೆ.

ಅವಳು ನನ್ನ ಕಡೆ ತಿರುಗಿದಳು. ಮಾತು ತೊದಲುತ್ತಿತ್ತು.

"ಅಂಜಲಿಲ್ಲಂತ ಯಾರ ಹೇಳಿದ್ರ ನಿನಗ? ನಿನ್ನ ತಲಿ ಮುಟ್ಟಿದಾಗ ಕೈ ನಡಗತಿತ್ತ. ಅದಕ್ಕ ಅಷ್ಟ ತಡಾ ಆತು." ಉಸಿರು ತೆಗೆದುಕೊಂಡಳು. "ದೇವಿ ಇದರ ಲೆಕ್ಕ ಕೇಳೇ ಕೇಳ್ತಾಳಂತ ಗೊತ್ತಿತ್ತ. ಈಗ ಕೇಳ್ಯಾಳ. ಒಯ್ಲಿ. ನಿನ್ನ ಸಾಲಿ ಮುಗೀತಲ್ಲ."

ಆ ಬೇಸಿಗೆಯಲ್ಲೇ ಹೋದಳು. ದೇವಿ ಕೈ ಒಯ್ದಳೆಂಬುದನ್ನು ನಾನು ಇಂದಿಗೂ ನಂಬುವುದಿಲ್ಲ. ಅವಳು ನಂಬಿದ್ದಳು, ನಂಬಿಯೂ ಜಡೆ ಬಿಚ್ಚಿದಳು. ಹಾಗಾಗಿ ಆ ಕೈ ಅವಳು ನನಗೆ ಕೊಟ್ಟದ್ದೇ.