ಅಜ್ಜಿ ಒತ್ತಿದರೂ ಹೊಡೆಯದ ಬೆಲ್

ನರಳಾಟ ಕೇಳಿ ಓಡಿದಾಗ, ಬಚ್ಚಲಲ್ಲಿ ಜಾರಿ ಬಿದ್ದಿದ್ದ ಅಜ್ಜಿ ಕೊರಳಲ್ಲಿದ್ದ ಗುಂಡಿಯನ್ನು ಒತ್ತುತ್ತಲೇ ಇದ್ದರು. ಅಡುಗೆಮನೆಯ ಬೆಲ್ ಹೊಡೆದಿರಲಿಲ್ಲ. ಸಂಕೇತ ಕಳಿಸುವ, ಹಿಡಿಯುವ ಅಗ್ಗದ ರೇಡಿಯೊ ಮಾಡ್ಯೂಲ್ ಜೋಡಿಯೊಂದನ್ನು ತಂದು, ತಂತಿಯಿಲ್ಲದ ಆ ಬೆಲ್ಲನ್ನು ಮುಳಬಾಗಿಲಿನ ನಮ್ಮ ಮನೆಗೆ ನಾನೇ ಮಾಡಿದ್ದೆ. ಅಜ್ಜಿಯನ್ನು ಎಬ್ಬಿಸಿ ಕೂರಿಸಿ ಅಡುಗೆಮನೆಗೆ ಹೋದರೆ, ಬೆಲ್ಲಿನ ಪ್ಲಗ್ ಕಿತ್ತು ಬಿದ್ದಿತ್ತು. ಆ ಜಾಗದಲ್ಲಿ ಅಕ್ಕನ ಗಂಡ, ನಮ್ಮ ಎಂಜಿನಿಯರ್ ಭಾವನವರ ಹೊಸ ಮೊಬೈಲ್ ಚಾರ್ಜ್ ಆಗುತ್ತಿತ್ತು.

“ನಾನು ಆವತ್ತೇ ಹೇಳಿದ್ನಲ್ಲಮ್ಮಾ, ಇಂಥ ಚೀಪ್ ಮಾಲು ನಂಬಬಾರ್ದು ಅಂತ,” ಎಂದರು ಭಾವ, ನನ್ನ ಪಕ್ಕದಲ್ಲೇ ನಿಂತು.

ನಾನು ಅವರ ಚಾರ್ಜರ್ ಕಿತ್ತು ಬೆಲ್ಲಿನ ಪ್ಲಗ್ ಚುಚ್ಚಿದೆ. ನಾನು ಕೂಗಿ ಹೇಳಿದಾಗ ಅಜ್ಜಿ ಮತ್ತೆ ಒತ್ತಿದರು. ಬೆಲ್ ಮನೆಯೆಲ್ಲ ಕೇಳುವಂತೆ ಕಿರುಚಿತು.

“ಈಗ ಕೇಳಿಸ್ತಾ, ಅಳಿಯಂದ್ರೇ?” ಬಚ್ಚಲಿನಿಂದ ಅಜ್ಜಿಯ ದನಿ ಬಂತು.

ಅಜ್ಜಿಯ ಕಾಲುನೋವು ಬೇಗ ವಾಸಿಯಾಯಿತು. ಭಾವ ಮಾತ್ರ ಇವತ್ತಿಗೂ ನೆಂಟರ ಮುಂದೆ ನನ್ನ ಬೆಲ್ ಕೈಕೊಟ್ಟ ಕತೆಯನ್ನು ಗಂಭೀರವಾಗಿ ಹೇಳುತ್ತಾರೆ. ಮೊಬೈಲಿನ ಸುದ್ದಿಯೇ ಅದರಲ್ಲಿ ಬರುವುದಿಲ್ಲ.